ಪುಣೆ ಲೈನಿನ ಅಪ್ಪನಿಗೆ

ಧಾರವಾಡ,
ತಾ. ೧೮-೨-೧೯೬೫

ಪ್ರೀತಿಯ ಅಪ್ಪಾ,

ಹೇಗಿದ್ದೀ? ಕೈನಡುಕ ಕಡಿಮೆಯಾಯಿತೇ? ನಿದ್ದೆ ಹತ್ತುತ್ತದೆಯೇ? ಸತ್ಯವ್ವ ಅತ್ತೆ ಅಣ್ಣಿಗೇರಿಯಿಂದ ಬರೆಸಿದ ಕಾರ್ಡು ಸೋಮವಾರ ಬಂತು. ಮೊದಲ ಎಂಟು ದಿನ ನೀನು ಮೈಕೈ ನೋವಿಗೆ ಹೊರಳಾಡಿದ್ದು, ಕಣ್ಣು ಮೂಗು ಸೋರಿದ್ದು, ಈಗ ಹೊತ್ತಿಗೆ ಎರಡು ರೊಟ್ಟಿ ತಿನ್ನುತ್ತಿರುವುದು, ಎಲ್ಲವನ್ನೂ ಬರೆಸಿದ್ದಾಳೆ. ಎರಡು ರೊಟ್ಟಿ ಎಂದು ಓದಿ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಡಾಕ್ಟರು ಹೇಳಿದಂತೆ ಮಜ್ಜಿಗೆ ಕುಡಿ. ಹುಬ್ಬಳ್ಳಿಯಲ್ಲಿ ಅವ್ವ ಆರಾಮ ಇದ್ದಾಳೆ. ಟ್ರೇನಿಂಗ್ ಕಾಲೇಜಿನವರು ನಿನ್ನೆ ನನ್ನಿಂದ ಮೂರನೆಯ ಇಯತ್ತೆಗೆ ಪಾಠ ಮಾಡಿಸಿದರು. ಹಿಂದಿನ ಸಾಲಿನ ಹುಡುಗರಿಗೂ ಕೇಳುವಂತೆ ದನಿಯೆತ್ತಿ ಕಲಿಸಿದೆ.

ಇವತ್ತು ಬೆಳಿಗ್ಗೆ ರಸ್ತೆಯಲ್ಲಿ ಒಂದು ಬೆಡ್‌ಫರ್ಡ್ ಗಾಡಿ ಗೇರು ಬದಲಿಸಿದ ಸದ್ದು ಕೇಳಿ ಕಿಟಕಿಗೆ ಓಡಿದೆ. ನೀನಲ್ಲ ಎಂದು ಗೊತ್ತಿದ್ದೂ ಓಡಿದೆ. ನಾನು ಸಣ್ಣವಳಿದ್ದಾಗ ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆ ಲಾರಿ ಹಿಡಿಸುತ್ತಿರಲಿಲ್ಲ. ಮೂಲೆಯಲ್ಲಿ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆಯುತ್ತಿದ್ದೆ, ಅಷ್ಟಕ್ಕೇ ಅವ್ವ ಚಹಾಕ್ಕೆ ನೀರಿಡುತ್ತಿದ್ದಳು. ನನ್ನನ್ನು ಮೊದಲ ಸಲ ಧಾರವಾಡಕ್ಕೆ ಬಿಡಲು ಬಂದ ದಿನ ನೆನಪಿದೆಯೇ? ಹಿಂದೆ ಬ್ಯಾಡಗಿ ಮೆಣಸಿನಕಾಯಿ ಚೀಲ, ಮುಂದೆ ನಿನ್ನ ಮತ್ತು ನಿನ್ನ ಜೋಡಿ ಡ್ರೈವರ್ ಬಾಬುಸಾಬ ಕಾಕಾನ ನಡುವೆ ನಾನು. ರಾಯಾಪುರದ ತನಕ ಮೂವರೂ ಸೀನಿದೆವು. ನೀನು ಅಂಗಡಿ ಬೋರ್ಡುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ, ತಪ್ಪಿದಲ್ಲಿ ನಾನು ತಿದ್ದುತ್ತಿದ್ದೆ. "ನನಗ ಸಾಲಿ ಕಲಿಸಿದಾಕಿ ನನ್ನ ಮಗಳ ನೋಡ್ರಿ" ಎಂದು ಹಾಸ್ಟೆಲ್ ನೋಡಿಕೊಳ್ಳುವ ಬಾಯಿಯವರ ಮುಂದೆ ಹೇಳಿದೆ. ಆಗ ನನಗೆ ನಾಚಿಕೆಯಾಗಿತ್ತು. ಈಗ ಆ ಮಾತನ್ನು ಇನ್ನೊಮ್ಮೆ ಕೇಳಬೇಕು ಎನಿಸುತ್ತದೆ.

ಆ ದಿನಗಳಲ್ಲಿ ಪುಣೆಗೆ ಹೋದರೆ ಒಂದು ದಿನ ಅಲ್ಲೇ ಮಲಗಿ ಬರುತ್ತಿದ್ದಿರಿ. ಆಮೇಲೆ ಹತ್ತಿಯ ಸುಗ್ಗಿ ಬಂತು. ಮಾಲು ಇಳಿಸಿದ ದಿನವೇ ತಿರುಗಿ ಬರಬೇಕು ಎಂದು ಲಾರಿ ಮಾಲೀಕರಾದ ಗುರುಶಿದ್ದಪ್ಪ ಸಾವಕಾರರು ಹಟ ಹಿಡಿದರು. ನಿಪ್ಪಾಣಿಯಾಚೆಯ ಚಹಾದಂಗಡಿಯಲ್ಲಿ ಯಾರೋ ದಣಿವು ತಿಳಿಯದಿರಲಿ ಎಂದು ನಿನ್ನ ಕೈಗೆ ಮೆಣಸಿನ ಕಾಳಿನಷ್ಟು ಅಫೀಮು ಇಟ್ಟರು. ಒಂದು ವರ್ಷದಲ್ಲಿ ಅದು ಕಡಲೆಯಷ್ಟಾಯಿತು. "ಅದಿಲ್ಲದ ಸ್ಟೇರಿಂಗ್ ಹಿಡಿಯಾಕ ಆಗೂದಿಲ್ಲೋ" ಎಂದು ಕಾಕಾನಿಗೆ ಹೇಳುತ್ತಿದ್ದೆಯಂತೆ. ನಮಗೆ ಮಾತ್ರ ಪಿತ್ತದ ಗುಳಿಗೆ ಎನ್ನುತ್ತಿದ್ದೆ.

ದೀಪಾವಳಿ ಸೂಟಿಗೆ ಕಾಲೇಜು ಮುಚ್ಚಿದಾಗ ನೀವಿಬ್ಬರೂ ನನ್ನನ್ನು ಧಾರವಾಡದಿಂದ ಹತ್ತಿಸಿಕೊಂಡಿರಿ. ಮಧ್ಯಾಹ್ನ ಮೂರು ಗಂಟೆ, ಹಾಡು ಹಗಲು. ರಾಯಾಪುರ ಸಮೀಪಿಸುತ್ತಿದ್ದಂತೆ ಮುಂದೆ ಆ ಊರಿನ ರೈತ ಹನುಮಪ್ಪನ ಎತ್ತಿನ ಚಕ್ಕಡಿ ಕಂಡಿತು. ನೀನೂ ನೋಡುತ್ತಿದ್ದೀ ಎಂದುಕೊಂಡೆ. ನಿನ್ನ ಕಣ್ಣು ತೆರೆದೇ ಇದ್ದವು, ಅಪ್ಪಾ. ಆದರೆ ಅವುಗಳಲ್ಲಿ ಚಕ್ಕಡಿ ಇರಲಿಲ್ಲ. "ಅಪ್ಪಾ, ಚಕ್ಕಡಿ!" ಎಂದು ಚೀರಿದೆ. ನೀನು ನೀರಿನೊಳಗಿದ್ದವನಂತೆ ಮೆಲ್ಲಗೆ ನನ್ನ ಕಡೆ ತಿರುಗಿದೆ. ಕಾಕಾ ನನ್ನ ಮೈಮೇಲಿಂದ ಹಾಯ್ದು ಸ್ಟೇರಿಂಗ್ ಎಳೆಯದಿದ್ದರೆ ಹನುಮಪ್ಪ ಉಳಿಯುತ್ತಿರಲಿಲ್ಲ. ಚಕ್ಕಡಿಯ ಗಾಲಿ ಮುರಿಯಿತು, ಅವನ ಕಾಲು ಮುರಿಯಿತು. ನೀನು ರಸ್ತೆಯ ಮೇಲೆ ಕುಳಿತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ನನಗೆ, "ನಿದ್ದಿ ಬಂದಿತ್ತವ್ವಾ, ಬರೇ ನಿದ್ದಿ" ಎಂದೆ. ನಾನು ಹೂಂ ಎಂದೆ.

ಇಪ್ಪತ್ತು ದಿನಗಳ ಬಳಿಕ ಸಾವಕಾರರು ನಿನ್ನಿಂದ ಗಾಡಿಯ ಕೀಲಿ ಇಸಿದುಕೊಂಡರು. "ನೀ ಅಫೀಮ ತಿಂತೀ ಅಂತ ಗೊತ್ತಾಗೇತಿ. ಬಿಟ್ಟು ಬಾ, ಆಮ್ಯಾಲ ಮಾತಾಡೂಣು" ಎಂದರು. ನೀನು ನೆಟ್ಟಗೆ ಕಾಕಾನ ಮನೆಯ ಮುಂದೆ ಹೋಗಿ ನಿಂತೆ. "ನಿನ್ನ ಬಿಟ್ಟು ಯಾರಿಗೂ ಗೊತ್ತಿದ್ದಿಲ್ಲ! ಹತ್ತು ವರ್ಷ ಒಂದ ಗಂಗಾಳದಾಗ ಉಂಡು ನನ್ನ ಅನ್ನಕ್ಕ ಮಣ್ಣು ಹಾಕಿದಿ!" ಓಣಿಯೆಲ್ಲ ಕೇಳಿತು. ಕಾಕಾನ ಹೆಂಡತಿ ಮದೀನಾಬಿ ಚಿಗವ್ವ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಕಾಕಾ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಅಂದಿನಿಂದ ನೀನು ಅವನ ಹೆಸರೆತ್ತಿಲ್ಲ.

ಮೊನ್ನೆ ಅವನು ಹಾಸ್ಟೆಲ್ಲಿಗೆ ಬಂದಿದ್ದ. ಗಡ್ಡ ಪೂರಾ ಬೆಳ್ಳಗಾಗಿದೆ. ಅವನ ಜೋಡಿಗೆ ಈಗ ಬೇರೆ ಡ್ರೈವರ್ ಇದ್ದಾನೆ. ಆದರೂ ನಿಪ್ಪಾಣಿ ಬಂದರೆ "ಹುಲಗಪ್ಪಾ, ಏಳೋ, ನಿನ್ನ ಪಾಳಿ" ಎಂದು ನಿನ್ನ ಹೆಸರೇ ಬಾಯಿಗೆ ಬರುತ್ತದಂತೆ. ಹನುಮಪ್ಪನನ್ನೂ ನೋಡಿ ಬಂದಿದ್ದ. ಹನುಮಪ್ಪ ಈಗ ಕೋಲು ಹಿಡಿದು ಹೊಲದವರೆಗೆ ನಡೆಯುತ್ತಾನಂತೆ, ಮೊದಲು ಕೇಳಿದ್ದೇ, "ಆ ಡ್ರೈವರ್ ಹೆಂಗದಾನ?" ಎಂದು. ಇದನ್ನು ಹೇಳುತ್ತ ಕಾಕಾ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡ.

ಸತ್ಯವ್ವ ಅತ್ತೆಗೆ ನನ್ನ ನಮಸ್ಕಾರ ಹೇಳು. ಸಂಜೆ ಹೊಲದ ಕಡೆ ಅಡ್ಡಾಡಿ ಬಾ. ನಿನಗೆ ನನ್ನ ಆಯುಷ್ಯವೂ ಕೂಡಲಿ.

ನಿನ್ನ ಮಗಳು,
ರತ್ನವ್ವ

ತಾ.ಕ.: ಟಪಾಲು ಎತ್ತುವ ಹೊತ್ತಾಯಿತು, ಲಗೂ ಬರೆಯುತ್ತಿದ್ದೇನೆ. ಇದನ್ನು ಅತ್ತೆಗೆ ಕೊಟ್ಟು ಬೇರೆಯವರಿಂದ ಓದಿಸಬೇಡ, ನೀನೇ ಓದು. ಸಾವಕಾರರಿಗೆ ಹೇಳಿದ್ದು ಕಾಕಾ ಅಲ್ಲ, ನಾನು. ಇನ್ನು ಅಫೀಮು ಮುಟ್ಟುವುದಿಲ್ಲ ಎಂದು ನೀನು ಕಾಕಾನ ಮುಂದೆ ಅವ್ವನ ಮೇಲೆ ಆಣೆ ಮಾಡಿದ್ದನ್ನು ಮರೆಯಲ್ಲಿ ನಿಂತು ಕೇಳಿದ್ದೆ. ಅದೇ ವಾರ ನಿನ್ನ ಅಂಗಿ ಒಗೆಯುವಾಗ ಕಿಸೆಯಲ್ಲಿ ಪೊಟ್ಟಣ ಸಿಕ್ಕಿತು. ಮರುದಿನವೇ ನೀನು ಪುಣೆಗೆ ಹೊರಡುವವನಿದ್ದೆ. ಹನುಮಪ್ಪನ ಮುಖ ಕಣ್ಣ ಮುಂದೆ ಬಂತು, ಆಮೇಲೆ ನಿನ್ನದು. ನಾನು ಸಾವಕಾರರ ಅಂಗಳದಿಂದ ಹೊರಬರುವುದನ್ನು ಕಾಕಾ ನೋಡಿದ. ಅವತ್ತು ನೀನು ಬೈದು ಹೋದ ಮೇಲೆ ನಾನು ಹೋಗಿ ಅವನ ಕಾಲು ಹಿಡಿದೆ. "ಬಾಯಿ ಬಿಡಬ್ಯಾಡ ಮಗಾ. ನಿನ್ನ ಮ್ಯಾಲ ಸಿಟ್ಟಾದ್ರ ಅವಂಗ ಯಾರು ಉಳೀತಾರು? ನನ್ನ ಮ್ಯಾಲ ಇರಲಿ" ಎಂದ. ಅವನ ಮಾತು ಮುರಿಯುತ್ತಿದ್ದೇನೆ. ರವಿವಾರ ಮುಂಜಾನೆಯ ರೈಲುಗಾಡಿಗೆ ಅವನು ಅಣ್ಣಿಗೇರಿಗೆ ಬರುತ್ತಾನೆ. ನೀನು ಬಾಗಿಲು ಮುಚ್ಚಿದರೆ ಹೊರಗೇ ಕುಳಿತು ಸಂಜೆ ಹೋಗುತ್ತೇನೆ ಎಂದಿದ್ದಾನೆ. ಒಳಗೆ ಕರಿ, ಅಪ್ಪಾ. ಶಿವರಾತ್ರಿಗೆ ನಾನು ಬರುತ್ತೇನೆ, ಬೈಯುವುದಿದ್ದರೆ ನನಗೆ ಬೈ.