ಹಿಂಬಾಗಿಲಿನ ಕೀಲಿ

2 ನವೆಂಬರ್ 1998, ಸೋಮವಾರ

ಬೆಳಗಿನ ರೌಂಡ್ಸ್ ಮುಗಿಯಿತು. ಬೋರ್‌ವೆಲ್ ಮೋಟರ್ ಮತ್ತೆ ಸುಟ್ಟಿದೆ, ಟ್ಯಾಂಕರ್ ತರಿಸಬೇಕು. ಹೆಂಗಸರ ವಾರ್ಡಿನಲ್ಲಿ ಎರಡು ಕಿಟಕಿಯ ಸರಳು ಸಡಿಲ. ಜನರೇಟರ್‌ಗೆ ಡೀಸೆಲ್ ಅರ್ಧ ಡ್ರಮ್ — ಗುರುವಾರದವರೆಗೆ ಸಾಕು. ಈ ಮನೋರೋಗ ಆಸ್ಪತ್ರೆಯಲ್ಲಿ ಡಾಕ್ಟರುಗಳಿಗೆ ರೋಗಿಗಳು, ನನಗೆ ಉಳಿದದ್ದೆಲ್ಲ. ಗೋಡೆ, ನೀರು, ಕರೆಂಟು, ಬಾಗಿಲು. ಎಸ್ಟೇಟ್ ಆಫೀಸರ್ ಅಂತ ಬೋರ್ಡು ಬೇರೆ. ತಿಪಟೂರು ಬಿಟ್ಟು ಇಂಡಿಗೆ ಬಂದು ಎಂಟು ತಿಂಗಳು.

ಕೋರ್ಟ್ ವಾರ್ಡ್ ನೋಡಿ ಮೈ ಉರಿಯಿತು. ಕೇಸಿನಲ್ಲಿ ಸಿಕ್ಕಿ ಕೋರ್ಟಿನಿಂದ ಬಂದವರು ಅಲ್ಲಿ ಹದಿನಾಲ್ಕು ಜನ. ಹಿಂಬಾಗಿಲಿಗೆ ಬೀಗ ಹಾಕಿದ್ದಾರೆ, ಸರಿ. ಅದರ ಬೀಗದ ಕೈ ಪಕ್ಕದ ಮೊಳೆಯಲ್ಲೇ ನೇತಾಡುತ್ತಿದೆ! ಯಾರು ಬೇಕಾದರೂ ತೆಗೆದುಕೊಳ್ಳಿ ಅನ್ನುವ ಹಾಗೆ. ವಾರ್ಡ್ ಅಟೆಂಡರ್ ಮಾನಪ್ಪನನ್ನು ಕೇಳಿದರೆ, ಹದಿನಾರು ವರ್ಷದಿಂದ ಅಲ್ಲೇ ಇದೆ ಅಂದ. ಹದಿನಾರು ವರ್ಷದ ತಪ್ಪಿಗೆ ಹಾರ ಹಾಕಬೇಕಿತ್ತೇನೋ.

ನಾಳೆ ಸೊಲ್ಲಾಪುರಕ್ಕೆ ಹೋಗಿ ಎಲ್ಲ ಬಾಗಿಲಿಗೂ ಬೀಗ-ಕೊಂಡಿಯ ಹೊಸ ಸೆಟ್ ತರುವುದು. ಅಲ್ಲಿವರೆಗೆ ಸುಮ್ಮನಿರಲಾಗುತ್ತದೆಯೇ? ಚೀಟಿ ಬರೆದು ವಾರ್ಡಿನ ಬೋರ್ಡಿಗೆ ಚುಚ್ಚಿದೆ. ನಾನು ಬೀಗ ಬೀಗ ಅಂದರೆ ಇಲ್ಲಿಯವರಿಗೆ ತಮಾಷೆ. ಮೇಡಮ್ಮಾರಿಗೆ ಬೀಗರ ಮ್ಯಾಲೆ ಭಾಳ ಪ್ರೀತಿ ಅಂತ ನಿನ್ನೆ ರಾಜ್ಯೋತ್ಸವದ ಚಹಾ ಹೊತ್ತಿನಲ್ಲಿ ಯಾರೋ ಅಂದು ಎಲ್ಲರೂ ನಕ್ಕರು. ಅದಕ್ಕೇ ಬೀಗದ ಕೈ ಅನ್ನದೆ ಇವರ ಮಾತಿನಲ್ಲೇ ಬರೆದೆ:

"ಹಿಂಬಾಗಿಲಿನ ಕೀಲಿ ತೆಗೆದು ನನ್ನ ಟೇಬಲ್ಲಿನ ಡ್ರಾಯರಿನಲ್ಲಿ ಇಡಬೇಕು. ನಾಳೆ ಹೊಸದು ಬರುತ್ತದೆ."

ಇನ್ನು ನಗಲಿ ನೋಡೋಣ.

4 ನವೆಂಬರ್, ಬುಧವಾರ, ಮಧ್ಯಾಹ್ನ 3

ಈಗಷ್ಟೇ ಮನೆಗೆ ಬಂದೆ. ಬರೆದರಾದರೂ ತಲೆ ತಿಳಿಯಾದೀತು.

ನಿನ್ನೆ ಬೇಕಾದ ಸೈಜು ಹುಡುಕುವಷ್ಟರಲ್ಲಿ ಕೊನೆಯ ಬಸ್ಸು ಹೋಯಿತು. ಲಾಡ್ಜ್‌ನಲ್ಲಿ ಉಳಿದೆ. ಇವತ್ತು ಹತ್ತಕ್ಕೆ ಚೀಲ ಹೊತ್ತು ಗೇಟಿಗೆ ಬಂದರೆ ಪೊಲೀಸ್ ಜೀಪು. ಕೋರ್ಟ್ ವಾರ್ಡಿನ ಭೀಮಶ್ಯಾ ಇಲ್ಲ. ಸಿಂದಗಿ ಕಡೆಯವನು. ತಮ್ಮನ ಮೇಲೆ ಕೊಡಲಿ ಎತ್ತಿ ಇಲ್ಲಿಗೆ ಬಂದವನು. ನಾಷ್ಟಾ ಹೊತ್ತಿಗೆ ಎಣಿಸಿದಾಗ ಹದಿಮೂರೇ ತಲೆ.

ಹಿಂಬಾಗಿಲು ಹಾರು ಹೊಡೆದಿದೆ. ಬೀಗವೇ ಇಲ್ಲ. ಕೊಂಡಿಗೆ ತಂತಿ ಸುತ್ತಿದ್ದನಂತೆ ಮಾನಪ್ಪ. ತಂತಿ! ನಿನ್ನೆಯಿಂದ ಬಾಗಿಲಿಗೆ ಅಡ್ಡ ಬೆಂಚು ಹಾಕಿ ಕೂತಿದ್ದನಂತೆ, ಬೆಳಿಗ್ಗೆ ಯಾರಿಗೋ ಫಿಟ್ಸ್ ಬಂತು, ಹಿಡಿಯಲು ಎದ್ದುಹೋದ, ಬಂದು ನೋಡಿದರೆ ತಂತಿ ಬಿಚ್ಚಿತ್ತು. ಕಥೆ. ನಾನು ಬರೆದದ್ದೇನು, ನೀನು ಮಾಡಿದ್ದೇನು ಅಂತ ಎಲ್ಲರೆದುರು ಕಿರುಚಿದೆ. ನನಗಿಂತ ಹದಿನೈದು ವರ್ಷ ದೊಡ್ಡವನು. ತಲೆ ಎತ್ತಲಿಲ್ಲ.

"ನೀವ ಚೀಟ್ಯಾಗ ಬರದಿದ್ರೆಲ್ರೀ ಮೇಡಮ್ಮಾರ. ಹಂಗ ಮಾಡೇನ್ರಿ" ಅಂದ.

ಸುಳ್ಳಿಗೂ ಒಂದು ಮಿತಿ ಬೇಡವೇ? ಬೋರ್ಡಿನ ಚೀಟಿ ಕಿತ್ತು ಬ್ಯಾಗಿಗೆ ತುರುಕಿದೆ. ನೇರ ಆಫೀಸಿಗೆ ಹೋಗಿ ರಿಪೋರ್ಟ್ ಟೈಪ್ ಮಾಡಿಸಿದೆ. "ಲಿಖಿತ ಸೂಚನೆ ಇದ್ದಾಗ್ಯೂ ಅಟೆಂಡರನ ನಿರ್ಲಕ್ಷ್ಯದಿಂದ..." ಸಹಿ ಹಾಕಿ ಕೊಟ್ಟೆ. ಆ ತಮ್ಮನ ಮನೆಯಲ್ಲಿ ಮಕ್ಕಳಿದ್ದಾರಂತೆ. ದೇವರೇ, ಅಲ್ಲಿಗೆ ಹೋಗದಿರಲಿ.

5 ನವೆಂಬರ್

ಭೀಮಶ್ಯಾ ಸಿಕ್ಕಿಲ್ಲ. ತಮ್ಮನ ಮನೆ ಮುಂದೆ ಪೊಲೀಸರನ್ನು ಕೂರಿಸಿದ್ದಾರೆ.

ಮಾನಪ್ಪನನ್ನು ಠಾಣೆಗೆ ಕರೆದುಕೊಂಡು ಹೋದರು. ಬೇಕಂತಲೇ ಬಿಟ್ಟೆಯಾ, ಯಾರು ಹೇಳಿದರು ಅಂತ ಕೇಳುತ್ತಿದ್ದಾರಂತೆ. ಆಫೀಸಿನ ಕ್ಲಾರ್ಕು ಹೇಳಿದ — ಹದಿನಾರು ವರ್ಷ ದಿನಗೂಲಿ, ಈ ಡಿಸೆಂಬರಿಗೆ ಕಾಯಂ ಆಗುವ ಲಿಸ್ಟಿನಲ್ಲಿ ಮೊದಲ ಹೆಸರು ಅವನದೇ. ಇನ್ನು ಆ ಹೆಸರನ್ನು ಹೊಡೆದುಹಾಕುತ್ತಾರೆ. ನಾನೇನು ಮಾಡಲಿ, ಮಾಡಿದ್ದುಣ್ಣಲಿ.

ಹಾಗೆ ಅಂದುಕೊಂಡರೂ ಊಟ ಸೇರಲಿಲ್ಲ.

7 ನವೆಂಬರ್, ಶನಿವಾರ

ಭೀಮಶ್ಯಾ ಸಿಕ್ಕ! ಬಸವನ ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ. ಚಹಾ ಅಂಗಡಿಯವರ ಕಪ್ಪು ತೊಳೆದುಕೊಂಡು ಮೂರು ದಿನ ಅಲ್ಲೇ ಇದ್ದನಂತೆ. ಯಾರಿಗೂ ಏನೂ ಮಾಡಿಲ್ಲ. ಖುಷಿಗೆ ಕಣ್ಣಲ್ಲಿ ನೀರು ಬಂತು.

ಆ ಖುಷಿ ಅರ್ಧ ಗಂಟೆ.

ಅವನನ್ನು ವಾಪಸ್ ತಂದ ಕಾಗದಕ್ಕೆ ಸೀಲ್ ಒತ್ತಬೇಕಿತ್ತು. ಬುಧವಾರದಿಂದ ಓಡಾಟವೇ ಆಯಿತು, ನನ್ನ ಟೇಬಲ್ಲಿಗೆ ಕೂತೇ ಇರಲಿಲ್ಲ. ಡ್ರಾಯರ್ ಎಳೆದೆ. ಒಳಗೆ ಹಳೆಯ ಟವೆಲ್ ತುಂಡಿನ ಗಂಟು. ಬಿಚ್ಚಿದರೆ ಹಿಂಬಾಗಿಲಿನ ಬೀಗ. ಮಾನಪ್ಪ ಎಣ್ಣೆ ಹಾಕಿ ಒರೆಸಿ ಇಟ್ಟಿದ್ದಾನೆ. ಬೀಗದ ಕೈ ಅದರಲ್ಲೇ ಇದೆ.

ಇದನ್ನೇಕೆ ಇಲ್ಲಿ ತಂದಿಟ್ಟ ಅಂತ ಯೋಚಿಸುತ್ತಿರುವಾಗಲೇ ದುರ್ಗವ್ವ ಬಂದಳು. ಮಾನಪ್ಪನ ಹೆಂಡತಿ, ನಮ್ಮ ಲಾಂಡ್ರಿಯಲ್ಲೇ ಕೆಲಸ. ಓಡಿಹೋದವನು ಸಿಕ್ಕನಲ್ಲ, ಇನ್ನಾದರೂ ನನ್ನ ಗಂಡನನ್ನು ಬಿಡಿಸಿ ಅಂತ ಸೆರಗು ಒಡ್ಡಿದಳು. ನನಗೆ ಯಾಕೆ ಹೊಳೆಯಿತೋ, ಬೀಗ ಎತ್ತಿ ತೋರಿಸಿದೆ. ಇದಕ್ಕೆ ಏನಂತೀರಿ ನೀವು?

"ಕೀಲಿರಿ. ಮತ್ತೇನಂತಾರ?"

ಬೀಗದ ಕೈ ಹೊರಗೆಳೆದು ತೋರಿಸಿದೆ.

"ಅದು ಚಾವಿ."

ಇಲ್ಲಿ ಕೀಲಿ ಅಂದರೆ ಬೀಗ. ಎಂಟು ತಿಂಗಳು ಈ ಊರಿನಲ್ಲಿದ್ದು, ಬಾಗಿಲುಗಳೇ ನನ್ನ ಕೆಲಸವಾಗಿದ್ದು, ನನಗೆ ಗೊತ್ತಿರಲಿಲ್ಲ. ಕೀಲಿ ತೆಗೆದು ಡ್ರಾಯರಿನಲ್ಲಿಡು ಅಂದೆ, ತೆಗೆದು ಡ್ರಾಯರಿನಲ್ಲಿಟ್ಟ. ನಾಳೆ ಹೊಸದು ಬರುತ್ತದೆ ಅಂದೆ, ತಂತಿ ಸುತ್ತಿ ನನಗಾಗಿ ಕಾದು ಕೂತ. ಒಂದಕ್ಷರ ಬಿಡದೆ ಮಾಡಿದ್ದಾನೆ.

ದುರ್ಗವ್ವ ಏನೂ ತಿಳಿಯದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಸೋಮವಾರ ವಿಚಾರಣೆ ಇದೆ, ನೋಡೋಣ ಅಂದೆ. ನೋಡೋಣ! ಆ ಮಾತು ನನ್ನ ಬಾಯಿಂದ ಬಂತು. ನಾಚಿಕೆಯಾಗಬೇಕು ನನಗೆ.

8 ನವೆಂಬರ್, ಭಾನುವಾರ

ಸುಪರಿಂಟೆಂಡೆಂಟ್ ಡಾ. ಚೇತನಕುಮಾರ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಒಳ್ಳೆಯ ಮನುಷ್ಯ. ಪೂರ್ತಿ ಕೇಳಿದರು. ಒಮ್ಮೆ ಜೋರಾಗಿ ನಕ್ಕರು, ಆಮೇಲೆ ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ಆತ ಸಿಕ್ಕಾನ, ಯಾರಿಗೂ ಏನೂ ಆಗಿಲ್ಲ. ಕೋರ್ಟಿಗೆ ಒಂದ ಹೆಸರು ಬೇಕಾಗಿತ್ತು, ಕೊಟ್ಟೀವಿ. ಈಗ ನಿಮ್ಮ ಹೆಸರು ಯಾಕ ಬರಸ್ಕೊಂತೀರಿ? ಪ್ರೊಬೇಶನ್ ಮುಗಿಯಾಕ ಇನ್ನಾ ನಾಕ ತಿಂಗಳ ಐತಿ ನಿಮ್ದು."

ಮಾನಪ್ಪನಿಗೆ ಬೇರೆ ಎಲ್ಲಾದರೂ ವಾಚ್‌ಮನ್ ಕೆಲಸ ಕೊಡಿಸುತ್ತಾರಂತೆ. ಚೀಟಿ ಎಲ್ಲಿದೆ ಅಂತ ಕೇಳಿದರು. ಕಳೆದುಹೋಯಿತು ಅಂದುಬಿಟ್ಟೆ. ಯಾಕಂದೆನೋ. ದಾರಿಯಲ್ಲಿ ಮನಸ್ಸು ಹಾಯೆನಿಸಿತು, ಸುಳ್ಳೇಕೆ ಹೇಳಲಿ. ಮನೆಗೆ ಬಂದು ಸ್ಟವ್ ಹಚ್ಚಿದೆ. ಚೀಟಿ ಕೈಯಲ್ಲಿತ್ತು. ನನ್ನದೇ ಗುಂಡು ಅಕ್ಷರ. ಉರಿಯ ಹತ್ತಿರ ಹಿಡಿದು ಹಿಂದೆ ತೆಗೆದೆ.

ಹಾಲು ಕಾಯಿಸಿ ಸ್ಟವ್ ಆರಿಸಿದೆ. ಚೀಟಿ ಈ ಪುಟದಲ್ಲಿದೆ.

9 ನವೆಂಬರ್, ಸೋಮವಾರ

ವಿಚಾರಣೆ ಹನ್ನೊಂದಕ್ಕೆ ಅಂದವರು ಹನ್ನೆರಡಾದರೂ ಕರೆಯಲಿಲ್ಲ. ಮಾನಪ್ಪನನ್ನು ಕಾನ್ಸ್‌ಟೇಬಲ್ ಕರೆತಂದು ನಾನು ಕೂತಿದ್ದ ಬೆಂಚಿನ ತುದಿಗೆ ಕೂರಿಸಿದ. ಗಡ್ಡ ಬಂದಿದೆ. ನನ್ನನ್ನು ನೋಡಿ ಎದ್ದು ನಿಂತ. ಕೂತ್ಕೊಳ್ಳಿ ಅಂದೆ, ಕೂರಲಿಲ್ಲ. ಮೆಲ್ಲಗೆ ಅಂದ:

"ನೀವು ತಪ್ಪ ಬರಿಯೂದಿಲ್ರಿ. ಮೂರನೆತ್ತಾ ತನಕ ಸಾಲಿ ಕಲ್ತಾಂವ ನಾ. ಓದೂದ್ರಾಗ ನಂದ ತಪ್ಪಾಗೈತಿ ಅಂತ ಪೊಲೀಸರಿಗೆ ಬರಕೊಟ್ಟೇನ್ರಿ."

ಐದು ದಿನ ಕೂರಿಸಿ ಕೂರಿಸಿ, ತಾನು ಓದಿದ್ದರ ಮೇಲೆ ಅವನಿಗೇ ನಂಬಿಕೆ ಇಲ್ಲದಂತೆ ಮಾಡಿದ್ದೇವೆ. ಪೊಲೀಸರಲ್ಲ, ನಾನು. ಹಂಗ ಮಾಡೇನ್ರಿ ಅಂದಾಗ, ಹೇಗೆ ಮಾಡಿದೆ ಅಂತ ಒಂದು ಮಾತು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಪದ ಗೊತ್ತಿಲ್ಲದ್ದು ಸಣ್ಣ ತಪ್ಪು.

ಒಳಗೆ ಕರೆದರು. ಚೀಟಿ, ಬೀಗ ಎರಡನ್ನೂ ಮೇಜಿನ ಮೇಲಿಟ್ಟೆ. ನನ್ನ ರಿಪೋರ್ಟ್ ಸುಳ್ಳು, ಮಾನಪ್ಪ ಓದಿದ್ದೇ ಸರಿ, ನಾನು ಬರೆದದ್ದೇ ತಪ್ಪು ಅಂದೆ. ವಿಚಾರಣೆಗೆ ಕೂತವರಲ್ಲಿ ಒಬ್ಬರು ಚೀಟಿ ಓದಿ ಕಿಸಕ್ಕನೆ ನಕ್ಕರು, ಉಳಿದವರು ನಗಲಿಲ್ಲ. ಡಾಕ್ಟರು ಕಿಟಕಿ ಕಡೆ ತಿರುಗಿ ಕೂತರು. ಬರೆದು ಕೊಡಿ ಅಂದರು. ಬರೆದುಕೊಟ್ಟೆ. ಈ ಸಲ ಬೀಗ ಅಂತಲೂ ಬರೆದೆ, ಕೀಲಿ ಅಂತಲೂ ಬರೆದೆ.

11 ನವೆಂಬರ್

ಮಾನಪ್ಪನನ್ನು ಬಿಟ್ಟರು. ಲಿಸ್ಟಿನಲ್ಲಿ ಹೆಸರು ಉಳಿದಿದೆಯಂತೆ. ನನಗೆ ನೋಟಿಸ್. ಉತ್ತರಕ್ಕೆ ಹದಿನೈದು ದಿನ.

ಡಾಕ್ಟರು ಮಾತಾಡುತ್ತಿಲ್ಲ.

16 ನವೆಂಬರ್, ಸೋಮವಾರ, ಸಂಜೆ 4

ಮಾನಪ್ಪ ಡ್ಯೂಟಿಗೆ ಬಂದ. ವಾರ್ಡಿಗೇ ಹೋಗಿ ತಪ್ಪಾಯಿತು ಅಂದೆ. ಇರ್ಲಿ ಬಿಡ್ರಿ ಅಂದ. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹಿಂಬಾಗಿಲಿಗೆ ಅವತ್ತೇ ಹೊಸದು ಹಾಕಿಸಿದ್ದೆ, ಸೊಲ್ಲಾಪುರದ ಉಳಿದ ಸೆಟ್ ಇವತ್ತು ಹಾಕಿಸಬೇಕು. ಯಾವ ಬಾಗಿಲಿಗೆ ಯಾವುದು ಅಂತ ಬರೆಯಲು ರೂಢಿಯಂತೆ ಪ್ಯಾಡ್ ತೆಗೆದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಬೆದರಿದ ಹಾಗೆ.

"ಚೀಟಿ ಬ್ಯಾಡ್ರೀ ಮೇಡಮ್ಮಾರ. ನೀವ ಬಂದು ಕೈಲೆ ಮುಟ್ಟಿ ತೋರಸ್ರಿ."

ಹೋದೆ. ಇದು ಇದಕ್ಕೆ ಅಂತ ಮುಟ್ಟಿ ತೋರಿಸಿದೆ. ನನ್ನ ಬೆರಳನ್ನೇ ನೋಡಿದ, ಮುಖ ನೋಡಲಿಲ್ಲ. ಮುಟ್ಟುವವರೆಗೂ ಸ್ಕ್ರೂಡ್ರೈವರ್ ಎತ್ತಲಿಲ್ಲ. ಒಂದು ಬಾಗಿಲಿಗೆ ಅರ್ಧ ಗಂಟೆ. ಇನ್ನೂ ಹನ್ನೊಂದಿವೆ. ಮಧ್ಯೆ ನೀರು ಕುಡಿಯಲು ಬಂದು ಇದನ್ನು ಬರೆಯುತ್ತಿದ್ದೇನೆ. ಹೊರಗೆ ನಿಂತಿದ್ದಾನೆ, ಕರೆಯುವುದಿಲ್ಲ, ಕಾಯುತ್ತಾನೆ. ಅಡುಗೆಮನೆ ಬಾಗಿಲಿಗೆ ನಾನು ಹೋಗುವವರೆಗೆ ಅವನು ಅಲ್ಲಾಡುವುದಿಲ್ಲ. ಪೆನ್ನು ಮುಚ್ಚಿ ಹೊರಟೆ.