ಬಾಗಿಲು ಕಾಣಿಸಲಿಲ್ಲ ಅಂದೆ

ಇವಳೇ,

ಐ ಬೆಗ್ ಟು ಸ್ಟೇಟ್... ಕಾಲೇಜಿನಲ್ಲಿ ಕಲಿತ ಪತ್ರದ ಇಂಗ್ಲಿಷು ಇಷ್ಟೇ ನೆನಪಿದೆ, ಮುಂದಿನದನ್ನು ಕನ್ನಡದಲ್ಲೇ ಹೇಳುತ್ತೇನೆ. ನೀನು ತೀರಿಕೊಂಡ ಮೇಲೆ ನಾನು ಮನೆಯಲ್ಲೇ ಕೂತಿರುತ್ತೇನೆಂದು ಮಗಳು ಇವತ್ತು ತನ್ನ ವಿಡಿಯೊ ಗೇಮ್ ಕಂಪನಿಗೆ ಕರೆದುಕೊಂಡು ಹೋಗಿದ್ದಳು. ಗೇಮ್ ಗೊತ್ತಿಲ್ಲದವರನ್ನು ಆಡಲು ಕೂರಿಸಿ, ಎಲ್ಲಿ ತಡವರಿಸುತ್ತಾರೆಂದು ಇವರು ಗಾಜಿನ ಆಚೆಯಿಂದ ನೋಡುತ್ತಾರೆ. ಬಾಯಿಬಿಟ್ಟು ದಾರಿ ಹೇಳುವಂತಿಲ್ಲ, ಅದು ಅಲ್ಲಿಯ ರೂಲು.

ಪರದೆಯ ಮೇಲೆ ಒಂದು ಅಡುಗೆಮನೆ. ಮಗಳು ನಾಲ್ಕು ತಿಂಗಳು ಕೂತು ಮಾಡಿದ್ದಂತೆ. ನಲ್ಲಿಯ ಹತ್ತಿರ ಒಬ್ಬ ಹೆಂಗಸು ನನಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು, ಒಂದೇ ಕಾಲಿನ ಮೇಲೆ ಭಾರ ಬಿಟ್ಟು, ಥೇಟ್ ನಿನ್ನ ಹಾಗೆ. ನಾನು ಬಾಗಿಲು ದಾಟಿ ಹೊರಗೆ ಹೋಗಬೇಕಿತ್ತು. ಇಪ್ಪತ್ತು ನಿಮಿಷ ಅಲ್ಲೇ ನಿಂತೆ.

ಕೊನೆಗೆ ಮಗಳು ಒಳಗೆ ಬಂದಳು. "ಅಪ್ಪಾ, ಅಷ್ಟು ದೊಡ್ಡ ಬಾಗಿಲು ಕಾಣಿಸ್ಲಿಲ್ವಾ?"

"ಇಲ್ಲ ಕಣಮ್ಮ. ಅವಳು ಈ ಕಡೆ ಯಾವಾಗ ತಿರುಗ್ತಾಳೆ?"

"ತಿರುಗೋದೇ ಇಲ್ಲಪ್ಪ, ಅದಕ್ಕೇ ಮುಖ ಮಾಡಿಲ್ಲ. ನಿನ್ನಿಂದ ನಮಗೆಲ್ಲ ಕೆಲಸ ಬಂತು ನೋಡು, ಇನ್ನು ಬಾಗಿಲ ಮೇಲೊಂದು ದೀಪ ಹಾಕ್ಬೇಕು."

ಹಾಕಲಿ ಬಿಡು. ಕೂತ ಕೂಡಲೇ ಕಾಣಿಸಿತ್ತು ಕಣೇ, ಆ ಬಾಗಿಲು. ನಾಳೆ ಬೇರೆ ಯಾರೋ ಆಡಲು ಬರುತ್ತಾರಂತೆ. ದೀಪ ನೋಡಿದವರೇ ಹೊರಟುಬಿಡುತ್ತಾರೆ, ನೀನು ಅಡುಗೆಮನೆಯಿಂದ "ಒಂದ್ನಿಮಿಷ ಕೂತ್ಕೊಳ್ರೀ" ಅಂದಾಗಲೆಲ್ಲ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದ ಹಾಗೆ.