ಅಣ್ಣನಿಗೆ ಬಿದ್ದ ಆರು

ವೈನಿ,

ಮಿಲ್ಲಿಗೆ ಹೊರಟೆ. ಅನ್ನ ಮಾಡಿಟ್ಟಿದ್ದೇನೆ. ನಿಮ್ಮ ಮೇಲೆ ಭಾಳ ಸಿಟ್ಟು ಬಂದಿದೆ, ಅದಕ್ಕೇ ಎಬ್ಬಿಸಲಿಲ್ಲ.

ಮಕ್ಕಳು ರೂಪಾ, ಯಮನೂರ ಇಬ್ಬರೂ ಹುಲಿಗಿಯ ಅಜ್ಜಿಯ ಮನೆಯಿಂದ ಬಂದ ಕೂಡಲೇ ಪಾತ್ರ ಕಟ್ಟಿ ಕಥೆ ಹೇಳುವ ಆ ದಾಳದ ಆಟ ಕೇಳುತ್ತಾರೆ. ಕೊಡಬೇಡಿ. ಆರಿಸಿ ತಂದ ತಪ್ಪು ನನ್ನದು. ಗಂಗಾವತಿಯ ಅಂಗಡಿಯಲ್ಲಿ ಎರಡು ತೋರಿಸಿದ್ದರು. ದಪ್ಪ ಪುಸ್ತಕದ ಆಟದಲ್ಲಿ, ಪಾತ್ರ ಸತ್ತರೆ ಅದರ ಚೀಟಿ ಹರಿದು ಹಾಕಬೇಕು. ಒಂದೇ ಹಾಳೆಯ ಆಟದಲ್ಲಿ, ಸತ್ತವನಿಗೆ ಆರು ಬಿದ್ದರೆ ಎದ್ದು ಬರುತ್ತಾನೆ. ಏಳನೆಯ ಕ್ಲಾಸಿಗೆ ಸಾಲಿ ಬಿಟ್ಟವನು ನಾನು. ಮಕ್ಕಳಿಗೆ ಸುಲಭ ಅಂತ ಒಂದು ಹಾಳೆಯದ್ದೇ ತಂದೆ.

ಮಕ್ಕಳು ತೀರಿಕೊಂಡ ತಮ್ಮಪ್ಪನ ಹೆಸರಿನಲ್ಲೂ ಒಂದು ಪಾತ್ರದ ಚೀಟಿ ಬರೆದವು. ನಿನ್ನೆ ಅಮಾವಾಸ್ಯೆಗೆ ನೀವು ಅಣ್ಣನಿಗೆ ಎಡೆ ಇಟ್ಟಾಗ ರೂಪಾ ಆ ಚೀಟಿ, ದಾಳ ಎರಡನ್ನೂ ಪಕ್ಕಕ್ಕಿಟ್ಟಳು.

"ಕಾಕಾ, ಅಪ್ಪ ಉಂಡ ಮ್ಯಾಲೆ ದಾಳ ಒಗೀತಾನ."

ನಾನು ಬೈಯಲು ಬಾಯಿ ತೆರೆದರೆ ನೀವೇ, "ಹೂಂ ನನ್ನವ್ವ, ಒಗೀತಾನ" ಅಂದಿರಿ! ನಾಳೆ ಆ ಕೂಸಿಗೆ ಏನು ಹೇಳುತ್ತೀರಿ?

ಆಗ ದಾಳದಲ್ಲಿ ಎರಡಿತ್ತು, ನಾನೇ ನೋಡಿದ್ದೆ. ನಿನ್ನೆ ಸಂಜೆ ಮಕ್ಕಳು ಹುಲಿಗಿಗೆ ಹೋದ ಮೇಲೆ ಮನೆಯಲ್ಲಿ ಇದ್ದವರು ನಾವಿಬ್ಬರೇ. ಈಗ ಬೆಳಿಗ್ಗೆ ನೋಡಿದರೆ ಆರು ಬಿದ್ದಿದೆ. ನಾನು ಮುಟ್ಟಿಲ್ಲ. ತೆಗೆದಿಡಲೂ ಕೈ ಬರಲಿಲ್ಲ, ಅಲ್ಲೇ ಇದೆ.

ತಿರುಗಿಸಿದ್ದು ನೀವಾದರೆ ಸಂಜೆ ಹೇಳಿಬಿಡಿ, ಆಣೆ ಮಾಡುತ್ತೇನೆ, ಬೈಯುವುದಿಲ್ಲ.

ನೀವಲ್ಲದಿದ್ದರೆ ಏನೂ ಹೇಳಬೇಡಿ. ಊಟಕ್ಕೆ ಒಂದು ತಟ್ಟೆ ಹೆಚ್ಚಿಗೆ ಹಾಕಿ.

ಕೊಟ್ರೇಶ